ದೊನ್ಯ ಪ್ರಿಸ್ಕಾ ಮಗನ ಗಾಡಿ ಕದ್ದದ್ದು

ನಮ್ಮ ಬೀದಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಪೆಟ್ಟಿಗೆ ಸೈಕಲ್ ಕಳುವಾದವು. ನೀರಿನ ಕ್ಯಾನ್ ಹಾಕುವವನದು ಒಂದು, ಬ್ರೆಡ್ ಮಾರುವ ಹೆಂಗಸಿನದು ಒಂದು, ಹಳೇ ಕಬ್ಬಿಣ ಕೊಳ್ಳುವ ಮುದುಕನದು ಒಂದು. ಮುಂದೆ ಎರಡು ಚಕ್ರದ ಮೇಲೆ ಪೆಟ್ಟಿಗೆ, ಹಿಂದೆ ಒಂದು ಚಕ್ರದ ಮೇಲೆ ತುಳಿಯುವವರು. ನಮ್ಮ ಈ ಇಸ್ತಾಪಲಾಪಾ ಬಡಾವಣೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಗಾಡಿಯಿಂದಲೇ. ಹೋದ ಗಾಡಿ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಆಂಪಾರೊ. ಮೂಲೆಯಲ್ಲಿ ಹಂಚು ಇಟ್ಟುಕೊಂಡು ಕೇಸಾದಿಯಾ, ಅಂದರೆ ಚೀಸ್ ಇಟ್ಟು ಮಡಿಸಿದ ಮೆಕ್ಕೆಜೋಳದ ರೊಟ್ಟಿ, ಸುಡುತ್ತೇನೆ. ಹಂಚಿನ ಮುಂದೆ ನಿಂತವಳಿಗೆ ಬೀದಿಯೆಲ್ಲ ಕಾಣುತ್ತದೆ. ಕಂಡದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ನನ್ನದಲ್ಲ.

ಪಕ್ಕದ ಮನೆಯ ಎಲಾದಿಯೊ ತಿನ್ನುವ ಸಿಹಿ ಜೆಲ್ಲಿ ಮಾರುವವನು. ಜೆಲ್ಲಿ ಮಾಡುವುದು ಅವನ ತಾಯಿ, ಎಪ್ಪತ್ತೊಂದು ವರ್ಷದ ದೊನ್ಯ ಪ್ರಿಸ್ಕಾ. ಹಿರಿ ಹೆಂಗಸರನ್ನು ನಮ್ಮಲ್ಲಿ ದೊನ್ಯ ಅಂತಲೇ ಕರೆಯುವುದು. ಹನ್ನೊಂದು ವರ್ಷ ಅವನು ಜೆಲ್ಲಿಯ ತಟ್ಟೆಯನ್ನು ತಲೆಯ ಮೇಲೆ ಹೊತ್ತು ತಿರುಗಿದ. ಕತ್ತಿನ ಮೂಳೆ ಸವೆದಿದೆ, ಇನ್ನು ತಲೆಯ ಮೇಲೆ ಟೋಪಿ ಬಿಟ್ಟು ಬೇರೇನೂ ಇಡಬೇಡ ಎಂದು ಡಾಕ್ಟರು ಹೇಳಿದ ಮೇಲೆ ಗಾಡಿ ಬಂತು. ಗಾಡಿ ಹೋದರೆ ಮತ್ತೆ ಆ ತಟ್ಟೆಯೇ ಗತಿ. ಅದು ಅವನಿಗೂ ಗೊತ್ತಿತ್ತು, ಅವನ ತಾಯಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಆದರೂ ಎಲಾದಿಯೊ ಆರಾಮಾಗಿದ್ದ. ಪೆಟ್ಟಿಗೆಯ ಮುಂಭಾಗಕ್ಕೆ ನಾವೆಲ್ಲ ಕೈಮುಗಿಯುವ ದೇವಮಾತೆ ಗ್ವಾದಲೂಪೆ ತಾಯಿಯ ಚಿತ್ರ ಬರೆಸಿದ್ದ, ಹಸಿರು ಸೆರಗು, ಸುತ್ತ ಚಿನ್ನದ ಕಿರಣ, ಕಾಲ ಬಳಿ ಗುಲಾಬಿ. ನಮ್ಮಲ್ಲಿ ಕಸ ಬೀಳುವ ಮೂಲೆಗೆ ಆ ತಾಯಿಯ ಚಿತ್ರ ಬರೆಸಿದರೆ ಮರುದಿನದಿಂದ ಅಲ್ಲಿ ಒಬ್ಬರೂ ಒಂದು ಸಿಪ್ಪೆ ಎಸೆಯುವುದಿಲ್ಲ. ನನ್ನ ಹಂಚಿನ ಹಿಂದಿನ ಗೋಡೆಗೂ ನಾನೇ ಬರೆಸಿದ್ದೇನೆ.

ಗಾಡಿಗಳನ್ನು ಬೆಸುಗೆ ಹಾಕಿ ಕಟ್ಟುವ ನೊಯೆಮಿ ಒಂದು ಬೆಳಿಗ್ಗೆ ತಿಂಡಿಗೆ ಬಂದಳು. ಎಲಾದಿಯೊನ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಎಲಾದಿಯೊ, ಸರಪಳಿ ಎಲ್ಲಿಗೆ ಹಾಕಿದ್ದೀಯ?"

"ಕಣ್ಣು ಕಾಣಲ್ವಾ? ಪೆಟ್ಟಿಗೆಯ ಕಬ್ಬಿಣದ ಬಳೆಗೆ. ಅಲ್ಲಿಂದ ಕಂಬಕ್ಕೆ."

"ಪೆಟ್ಟಿಗೆಗೆ ಯಾಕೆ?"

"ಮಾಲು ಇರೋದು ಅಲ್ಲೇ ತಾನೆ? ತಾಯಿ ಇರೋದೂ ಅಲ್ಲೇ."

"ಕಳ್ಳನಿಗೆ ನಿನ್ನ ಜೆಲ್ಲಿ ಬೇಕಾಗಿಲ್ಲಪ್ಪ. ಅವನಿಗೆ ಬೇಕಾದ್ದು ಅಡಿಯ ಕಬ್ಬಿಣದ ಚಾಸಿ, ಚಕ್ರ."

ಎಲಾದಿಯೊ ನಕ್ಕುಬಿಟ್ಟ. "ಆ ತಾಯಿ ಮುಂದೆ ಬಾಳೆಹಣ್ಣಿನ ಸಿಪ್ಪೆ ಎಸೆಯೋಕೇ ಜನ ಹೆದರ್ತಾರೆ. ಗಾಡಿ ಕದಿಯೋಕೆ ಯಾವನಿಗೆ ಧೈರ್ಯ ಬರುತ್ತೆ? ನಿನಗೆ ಬೀಗ ಮಾರ್ಬೇಕು, ಅದಕ್ಕೆ ಹೆದರಿಸ್ತೀಯ."

"ನಾನು ಬೀಗ ಮಾರಲ್ಲ ಮಾರಾಯ. ಗಾಡಿ ಹೋದ್ಮೇಲೆ ಹೊಸ ಗಾಡಿ ಮಾರ್ತೀನಿ. ಹಂಗೆ ನೋಡಿದ್ರೆ ಬಾಯಿ ಮುಚ್ಚಿಕೊಂಡಿದ್ರೇ ನನಗೆ ಲಾಭ."

ಎಲಾದಿಯೊ ಅತ್ತ ಹೋದ. ಅಷ್ಟೂ ಹೊತ್ತು ಕೇಳುತ್ತಿದ್ದ ದೊನ್ಯ ಪ್ರಿಸ್ಕಾ ಮಾತ್ರ ನನ್ನ ಸ್ಟೂಲ್ ಮೇಲೆ ಕೂತೇ ಇದ್ದಳು. ಈ ಮುದುಕಿಯ ವಿಷಯ ಹೇಳಬೇಕು. ಫ್ರಿಜ್ ಯಾಕೆ ಗುರ್ ಅನ್ನುತ್ತದೆ, ಬಸ್ಸಿನ ಬಾಗಿಲು ತಾನೇ ಹೇಗೆ ಮುಚ್ಚುತ್ತದೆ, ಅವಳಿಗೆ ಎಲ್ಲವೂ ಬೇಕು. ಹಲ್ಲಿನ ಡಾಕ್ಟರ ಕೈಯಿಂದ ಇಕ್ಕಳ ಇಸಿದುಕೊಂಡು ತಿರುಗಿಸಿ ನೋಡಿದವಳು.

"ನೊಯೆಮಿ, ಕಸ ಹಾಕೋರು, ಗಾಡಿ ಕದಿಯೋರು ಒಂದೇ ಜನಾನಾ?" ಎಂದು ಕೇಳಿದಳು.

"ಅದ್ಹೆಂಗೆ ದೊನ್ಯ? ಕಸ ಹಾಕೋರು ನಾವೇ ಅಲ್ವಾ. ಅಕ್ಕಪಕ್ಕದೋರು."

"ಅಂದ್ರೆ ನಾವು ನಾಚ್ಕೋತೀವಿ. ಕಳ್ಳ ನಾಚ್ಕೋತಾನಾ ಇಲ್ವಾ ಅಂತ ಯಾರೂ ನೋಡಿಲ್ಲ." ಸ್ಟೂಲನ್ನು ನೊಯೆಮಿಯ ಹತ್ತಿರಕ್ಕೆ ಎಳೆದುಕೊಂಡಳು. "ಆ ಪೆಟ್ಟಿಗೆ ಚಾಸಿಗೆ ಹೇಗೆ ಅಂಟಿಕೊಂಡಿದೆ?"

"ನಾಲ್ಕು ನಟ್ಟು. ಹದಿಮೂರರ ಸ್ಪ್ಯಾನರ್."

"ಒಂದು ಕೊಡು ನೋಡೋಣ."

ಗುರುವಾರ ಹನ್ನೊಂದಕ್ಕೆ ಎಲಾದಿಯೊ ಎಂದಿನಂತೆ ಗಾಡಿಯನ್ನು ನನ್ನ ಎದುರಿನ ಕಂಬಕ್ಕೆ ಕಟ್ಟಿ, ಮೂರನೇ ಮಹಡಿಯ ಹೊಲಿಗೆ ಕಾರ್ಖಾನೆಗೆ ಜೆಲ್ಲಿ ಕೊಡಲು ಹತ್ತಿದ. ಅಲ್ಲಿಯ ಹೆಂಗಸರು ಅವನನ್ನು ಬೇಗ ಬಿಡುವುದಿಲ್ಲ. ಅವನಿಗೂ ಅವಸರವಿರುವುದಿಲ್ಲ.

ಅವನ ತಲೆ ಮರೆಯಾದದ್ದೇ ತಡ, ದೊನ್ಯ ಪ್ರಿಸ್ಕಾ ಏಪ್ರನ್ ಜೇಬಿನಿಂದ ಸ್ಪ್ಯಾನರ್ ತೆಗೆದಳು. ಮೊದಲು ಪೆಟ್ಟಿಗೆಯ ಮುಂದೆ ನಿಂತು ಶಿಲುಬೆಯ ಗುರುತು ಮಾಡಿಕೊಂಡಳು. "ತಾಯಿ, ಕೆಟ್ಟದ್ದಕ್ಕಲ್ಲ, ತಿಳ್ಕೊಳ್ಳೋಕೆ," ಎಂದು ಮೆಲ್ಲಗೆ ಹೇಳಿ ಗಾಡಿಯ ಕೆಳಗೆ ಬಗ್ಗಿದಳು.

"ದೊನ್ಯ, ಬೇಡ, ಅವನಿಗೆ ಎದೆ ಒಡೆದುಹೋಗುತ್ತೆ," ಎಂದೆ.

"ನಿಜವಾದ ಕಳ್ಳ ಬಂದ್ರೆ ಒಡೆಯಲ್ವಾ? ಗಡಿಯಾರ ನೋಡು ನೀನು."

ನಾಲ್ಕು ನಟ್ಟು ಬಿಚ್ಚಲು ಆರು ನಿಮಿಷ ಹಿಡಿಯಿತು. ಅದರಲ್ಲಿ ಎರಡು ನಿಮಿಷ ಅವಳ ಕನ್ನಡಕ ಹುಡುಕಲು ಹೋಯಿತು. ಬೀದಿಯಲ್ಲಿ ಹತ್ತು ಹದಿನೈದು ಜನ ಓಡಾಡಿದರು. ಒಬ್ಬ "ಕೈ ಹಾಕ್ಲಾ ಅಜ್ಜಿ?" ಎಂದು ಕೇಳಿ, ಪೆಟ್ಟಿಗೆ ಎತ್ತಿ ಕಂಬದ ಪಕ್ಕ ನನ್ನ ಎರಡು ಸ್ಟೂಲಿನ ಮೇಲೆ ಇಟ್ಟುಕೊಟ್ಟ. ಯಾರ ಗಾಡಿ, ಯಾಕೆ ಬಿಚ್ಚುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಕಂಬಕ್ಕೆ ಸರಪಳಿ ಹಾಕಿದ ಪೆಟ್ಟಿಗೆ ಅಲ್ಲೇ ಉಳಿಯಿತು. ಗಾಡಿ ಮಾತ್ರ ಸಲೀಸಾಗಿ ಈಚೆ ಬಂತು. ತಾಯಿಯ ಮುಖ ಗೋಡೆಗೆ ತಿರುಗಬಾರದೆಂದು ದೊನ್ಯ ಪ್ರಿಸ್ಕಾ ಪೆಟ್ಟಿಗೆಯನ್ನು ರಸ್ತೆಯ ಕಡೆ ಸರಿಮಾಡಿ, ಗಾಡಿಯನ್ನು ತಳ್ಳಿಕೊಂಡು ಮೂಲೆ ತಿರುಗಿದಳು.

ಎಲಾದಿಯೊ ಶಿಳ್ಳೆ ಹಾಕುತ್ತ ಇಳಿದು ಬಂದ. ಶಿಳ್ಳೆ ಅರ್ಧಕ್ಕೇ ನಿಂತಿತು.

ಸ್ಟೂಲಿನ ಮೇಲೆ ಪೆಟ್ಟಿಗೆ, ಪೆಟ್ಟಿಗೆಗೆ ಸರಪಳಿ, ಸರಪಳಿಗೆ ಬೀಗ. ಎಲ್ಲ ಸರಿಯಾಗಿಯೇ ಇತ್ತು. ಅವನು ಬೀಗವನ್ನು ಎಳೆದು ನೋಡಿದ. ಪೆಟ್ಟಿಗೆಯ ಕೆಳಗೆ ಬಗ್ಗಿ ನೋಡಿದ, ಅಲ್ಲಿ ಗಾಡಿ ಅಡಗಿ ಕೂತಿರಬಹುದೇನೋ ಅನ್ನುವ ಹಾಗೆ. ಆಮೇಲೆ ಫುಟ್‌ಪಾತಿನ ಅಂಚಿಗೆ ಕೂತು, ಎರಡೂ ಕೈಯನ್ನು ಕತ್ತಿನ ಹಿಂದೆ ಇಟ್ಟುಕೊಂಡ. ನೋವಿರುವ ಜಾಗ ಅದು.

"ಆಂಪಾರಕ್ಕ," ಎಂದ. "ನೀನು ಇಲ್ಲೇ ಇದ್ಯಲ್ಲಾ."

ನನ್ನ ಹಂಚಿನ ಮೇಲಿನ ಕೇಸಾದಿಯಾ ಹೊತ್ತಿಹೋಯಿತು. ಆ ಕ್ಷಣಕ್ಕೆ ನನಗೆ ನನ್ನ ಮೇಲೇ ಅಸಹ್ಯವಾಯಿತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿಸಿತು. ಮೂಲೆಯಿಂದ ದೊನ್ಯ ಪ್ರಿಸ್ಕಾ ಬಂದಳು, ತಳ್ಳಿಕೊಂಡಲ್ಲ, ಸೀಟಿನ ಮೇಲೆ ಕೂತು ತುಳಿಯುತ್ತ! ಜೀವಮಾನದಲ್ಲೇ ಮೊದಲ ಸಲ. ಲಂಗ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು.

"ಮಗಾ, ಇದು ಎಡಕ್ಕೆ ಎಳೆಯುತ್ತೆ, ನಿನಗೆ ಗೊತ್ತಾ?" ಎಂದು ಕೂಗಿದಳು. "ಮತ್ತೆ, ಬ್ರೇಕ್ ಎಲ್ಲಿದೆ ಇದಕ್ಕೆ?"

ಗಾಡಿ ನನ್ನ ನೀರಿನ ಡ್ರಮ್ಮಿಗೆ ಗುದ್ದಿ ನಿಂತಿತು. ಎಲಾದಿಯೊ ಅಮ್ಮನನ್ನೂ ನೋಡಿದ, ಗಾಡಿಯನ್ನೂ ನೋಡಿದ. ಬೈಯಲು ಬಾಯಿ ತೆರೆದವನು ಅತ್ತುಬಿಟ್ಟ.

ದೊನ್ಯ ಪ್ರಿಸ್ಕಾ ಇಳಿದು ಅವನ ಪಕ್ಕದಲ್ಲಿ ಕೂತು, ಕತ್ತಿನ ಮೇಲೆ ಕೈಯಿಟ್ಟಳು. "ಆರು ನಿಮಿಷ ಕಣೋ. ನಾನು, ಈ ಕಣ್ಣಲ್ಲಿ. ತಾಯಿ ತನ್ನ ಕೆಲಸ ಮಾಡಿದ್ಲು, ಪೆಟ್ಟಿಗೆ ಮೇಲೆ ಒಂದು ಕಸ ಕೂಡ ಬಿದ್ದಿಲ್ಲ. ಗಾಡಿ ಕಾಯೋ ಕೆಲಸ ನೀನು ಮಾಡ್ಬೇಕು."

ಎರಡು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ, ಕೇಸಾದಿಯಾನೂ ತಿನ್ನಲಿಲ್ಲ. ಮೂರನೇ ದಿನ ನೊಯೆಮಿಯ ಶೆಡ್ಡಿಗೆ ಗಾಡಿ ಹೊಡೆದುಕೊಂಡು ಹೋದ. ಅಮ್ಮನೂ ಹಿಂದೆಯೇ ಹೋದಳು, ಅವಳನ್ನು ತಡೆಯುವವರು ಯಾರು?

"ಸರಪಳಿ ಚಾಸಿ ಮತ್ತೆ ಹಿಂದಿನ ಚಕ್ರ ಎರಡರ ಒಳಗಿಂದಾನೂ ಹೋಗ್ಬೇಕು," ಎಂದಳು ನೊಯೆಮಿ. "ಆಮೇಲೆ ಕಂಬಕ್ಕೆ. ಮೊದಲು ಕಂಬ ಹಿಡಿದು ಅಲ್ಲಾಡಿಸಿ ನೋಡು, ಎಷ್ಟೋ ಕಂಬ ಕಿತ್ತು ಕೈಗೇ ಬರ್ತಾವೆ. ಬೀಗ ನೆಲಕ್ಕೆ ತಾಗದ ಹಾಗೆ ಮೇಲೆ ಇರ್ಲಿ."

"ನೆಲಕ್ಕೆ ತಾಗಿದ್ರೆ ಏನಾಗುತ್ತೆ?" ಎಂದಳು ದೊನ್ಯ ಪ್ರಿಸ್ಕಾ.

"ನೆಲದ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆಯೋಕೆ ಸುಲಭ ಆಗುತ್ತೆ ದೊನ್ಯ."

"ಹೌದಲ್ವಾ! ಮತ್ತೆ ನಟ್ಟು?"

ನಟ್ಟುಗಳನ್ನು ನೊಯೆಮಿ ಪೆಟ್ಟಿಗೆಯ ಒಳಕ್ಕೆ ತಿರುಗಿಸಿದಳು. ಹೊರಗೆ ಬೋಲ್ಟಿನ ನುಣುಪಾದ ಗುಂಡು ತಲೆ ಮಾತ್ರ ಕಾಣುತ್ತದೆ, ಸ್ಪ್ಯಾನರ್‌ಗೆ ಅಲ್ಲಿ ಹಿಡಿತವೇ ಸಿಗದು. ಪೆಟ್ಟಿಗೆಯ ಮುಚ್ಚಳಕ್ಕೆ ಬೇರೆ ಬೀಗ. ಪೆಡಲಿನ ಕೆಳಗಿನ ಕಬ್ಬಿಣಕ್ಕೆ ಅವನ ಹೆಸರು, ಫೋನ್ ನಂಬರು ಕುಟ್ಟಿದಳು. ಅದನ್ನು ಕಳ್ಳ ಉಜ್ಜಿ ಅಳಿಸಿದರೂ ಗುರುತು ಉಳಿಯಲಿ ಎಂದು ಹೆಸರು ಬರೆದ ಒಂದು ಚೀಟಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸೀಟಿನ ಕೊಳವೆಯೊಳಗೆ ಇಳಿಬಿಟ್ಟಳು. ಗಾಡಿಯ ಪಕ್ಕ ಅವನನ್ನು ನಿಲ್ಲಿಸಿ ಫೋಟೋ ತೆಗೆದು, ಕೊಂಡ ರಸೀದಿಯ ಜೊತೆ ಮನೆಯಲ್ಲಿ ಇಡಲು ಹೇಳಿದಳು.

ಅಷ್ಟಾದ ಮೇಲೆ ಎಲಾದಿಯೊನಿಗೇ ಹುಮ್ಮಸ್ಸು ಬಂತು. ಜೆಲ್ಲಿ ಅಲುಗಿ ಒಡೆಯದ ಹಾಗೆ ತಟ್ಟೆಗಳ ಅಡಿಗೆ ಹಳೇ ಟ್ಯೂಬಿನ ಪಟ್ಟಿ, ತಂಪು ಉಳಿಯಲು ಪೆಟ್ಟಿಗೆಯ ಒಳಬದಿಗೆ ಥರ್ಮೋಕೋಲು, ಬಿಸಿಲಿಗೆ ಕೊಡೆ ಸಿಕ್ಕಿಸುವ ಕೊಳವೆ, ಹಿಂದೆ ಹೊಳೆಯುವ ಕೆಂಪು ಬಿಲ್ಲೆ. ಕೈಗೆ ಸಿಗುವ ಹಾಗೆ ಹೊಸ ಬ್ರೇಕನ್ನೂ ಹಾಕಿಸಿದ. ಅದು ಅಮ್ಮನ ಹಟ. ತಾಯಿಯ ಚಿತ್ರ ಹಾಗೇ ಇತ್ತು, ಗುಲಾಬಿಗೆ ಮಾತ್ರ ಹೊಸ ಬಣ್ಣ ಬಂತು.

ಮೂರು ವಾರ ಕಳೆದಿರಬಹುದು. ನಾನು ಹಿಟ್ಟು ತರಲು ಗಿರಣಿಗೆ ಹೋಗಿ ಬರುವಷ್ಟರಲ್ಲಿ ಎಲಾದಿಯೊ ಗಾಡಿಯ ಪಕ್ಕ ಮೊಣಕಾಲೂರಿ ಕೂತಿದ್ದ. ಹೊಲಿಗೆ ಕಾರ್ಖಾನೆಯಿಂದ ಆಗತಾನೇ ಇಳಿದವನು. ಗಾಡಿ ಇತ್ತು. ಬೀಗದ ಕಬ್ಬಿಣದಲ್ಲಿ ಹೊಸ ಗರಗಸದ ಗೆರೆ ಫಳಫಳ ಹೊಳೆಯುತ್ತಿತ್ತು, ಉಗುರು ಕೂರುವಷ್ಟು ಆಳ. ನಾಲ್ಕೂ ಬೋಲ್ಟಿನ ಗುಂಡು ತಲೆಯ ಮೇಲೆ ಸ್ಪ್ಯಾನರ್ ಜಾರಿದ ಗೀರು. ಗ್ವಾದಲೂಪೆ ತಾಯಿಯ ಕಣ್ಣ ಮುಂದೆಯೇ ಯಾರೋ ಕೂತು ಪ್ರಯತ್ನಪಟ್ಟಿದ್ದರು, ಆಗದೆ ಎದ್ದು ಹೋಗಿದ್ದರು.

ದೊನ್ಯ ಪ್ರಿಸ್ಕಾ ಓಡಿ ಬಂದು ಆ ಗೆರೆಯ ಮೇಲೆ ಬೆರಳಾಡಿಸಿದಳು.

"ಎಷ್ಟು ಹೊತ್ತು ಉಜ್ಜಿರ್ಬಹುದು?" ಎಂದು ಕೇಳಿದಳು.

ಎಲಾದಿಯೊ ಮನೆಗೆ ಹೋಗಿ, ಹನ್ನೊಂದು ವರ್ಷ ತಲೆಯ ಮೇಲೆ ಹೊತ್ತ ತಟ್ಟೆಯನ್ನು ಮೊಳೆಯಿಂದ ಇಳಿಸಿ ತಂದ. ಬೇಕಾದೀತು ಎಂದು ಅದುವರೆಗೆ ಇಟ್ಟುಕೊಂಡಿದ್ದ.

"ಆಂಪಾರಕ್ಕ, ಇದು ನೀನು ಇಟ್ಕೋ," ಎಂದ. "ನನಗೆ ಬೇಡ."

ಈಗ ನನ್ನ ಚಟ್ನಿ ಬಟ್ಟಲುಗಳು ಆ ತಟ್ಟೆಯ ಮೇಲಿವೆ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗಾಡಿಯನ್ನು ಯಾವ ದೇವರ ಹೆಸರಲ್ಲಿ ಬಿಟ್ಟಿದ್ದೀರೋ ನನಗೆ ಗೊತ್ತಿಲ್ಲ, ಆ ದೇವರಿಗೆ ನನ್ನದೊಂದು ನಮಸ್ಕಾರ. ಈ ಮಾತು ಮುಗಿದ ಕೂಡಲೇ ಎದ್ದು ಹೊರಗೆ ಹೋಗಿ. ಒಂದು ಸ್ಪ್ಯಾನರ್ ಹಿಡಿದು, ಗಡಿಯಾರ ನೋಡಿಕೊಂಡು, ನಿಮ್ಮ ಗಾಡಿಯನ್ನು ನೀವೇ ಕದ್ದು ನೋಡಿ. ನಿಮ್ಮ ಕೈಯಲ್ಲಿ ಆದರೆ ಕಳ್ಳನ ಕೈಯಲ್ಲೂ ಆಗುತ್ತದೆ. ಅವನಿಗಿಂತ ಮೊದಲು ನೀವು ಕದಿಯಿರಿ.