ಅವಸರವೇನಿಲ್ಲ

"ಅತ್ತಿಗೆ, ಕೇಕು ನಾನು ಕೊಯ್ತೀನಿ, ನೀವು ಕೂತ್ಕೊಳ್ಳಿ" ಎಂದು ಮೈಬ್ರಿಟ್ ಚಾಕುವಿಗೆ ಕೈಚಾಚಿದರೂ ಸೀವ್ ಕೊಡಲಿಲ್ಲ. ಗಂಡ ಇವಾರ್‌ನನ್ನು ಮಣ್ಣು ಮಾಡಿ ಬಂದು ಅರ್ಧ ಗಂಟೆಯಾಗಿತ್ತು. ಅವನ ಶೂ ಅಂಗಡಿಯ ಗಿರಾಕಿಗಳೆಂದರೆ ಹುಡಿಕ್ಸ್‌ವಾಲ್ ಊರಿನ ಅರ್ಧ ಜನ. ಅವರೆಲ್ಲ ಬಾಗಿಲಲ್ಲಿ ಶೂ ಕಳಚಿ, ಕಾಲುಚೀಲದಲ್ಲೇ ಅವಳ ಮನೆ ತುಂಬಿದ್ದರು. ಎಲ್ಲರ ಬಾಯಲ್ಲೂ ಒಂದೇ ಕತೆ.

"ನಂಗೊಂದು ಜೊತೆ ಶೂ ಹಾಕ್ಸಿ, 'ಬಂದರಿನ ತನಕ ನಡೆದು ಬಾ' ಅಂದ," ಎಂದ ಬಸ್ಸು ಓಡಿಸುತ್ತಿದ್ದ ಮುದುಕ ಎಗೊನ್. "ಬಂದ್ಮೇಲೆ ಕಾಲು ನೋಡಿ, 'ಇದು ನಿಂಗಾಗಲ್ಲ, ನನ್ಹತ್ರ ಇರೋ ಯಾವ್ದೂ ಆಗಲ್ಲ' ಅಂತ ಎದುರಂಗಡಿಗೆ ಕಳಿಸ್ದ! ಅದೆಂಥಾ ವ್ಯಾಪಾರಿ!"

"ನಮ್ಮಣ್ಣ ಯಾರನ್ನೂ ಬಲವಂತ ಮಾಡ್ದೋನಲ್ಲ," ಎಂದಳು ಮೈಬ್ರಿಟ್ ಹೆಮ್ಮೆಯಿಂದ.

"ಮಾಡ್ಲಿಲ್ಲ," ಎಂದಳು ಸೀವ್. "ಮದುವೆಯಾಗು ಅಂತ ನನ್ನನ್ನೂ ಮಾಡ್ಲಿಲ್ಲ. 'ಮನೆಗೆ ಹೋಗಿ ಯೋಚ್ನೆ ಮಾಡು, ಅವಸರವೇನಿಲ್ಲ' ಅಂದ. ಇನ್ನೊಂದ್ಸಲ ಕೇಳ್ತಾನೇನೋ ಅಂತ ಮೂರು ವರ್ಷ ಕಾದೆ. ಕೊನೆಗೆ ನಾನೇ ಅಂಗಡಿಗೆ ಹೋಗಿ ಹೂಂ ಅಂದೆ."

ಎಲ್ಲರೂ ನಕ್ಕರು. ಅವಳು ತಮಾಷೆಗೆ ಹೇಳಿರಲಿಲ್ಲ.

*

ಫೆಬ್ರವರಿಯಲ್ಲಿ ಇವಾರ್ ಊಟದ ನಡುವೆ ಎದ್ದು ಕಿಟಕಿಯ ಬಳಿ ನಿಲ್ಲತೊಡಗಿದ. ಹೊಟ್ಟೆಯಲ್ಲಿ ಏನೋ ಚುಚ್ಚುತ್ತದೆ ಎಂದ. ಅದೂ ಅವಳು ನಾಲ್ಕನೇ ಸಲ ಕೇಳಿದಾಗ. ಹಟ ಹಿಡಿದು ಆಸ್ಪತ್ರೆಗೆ ಫೋನ್ ಮಾಡಿಸಿದಳು.

"ನೋವು ಎಷ್ಟಿದೆ ಅಂತ ಆ ಹುಡುಗಿ ಕೇಳಿದ್ಲು. ತಡ್ಕೋಬಹುದು ಅಂದೆ," ಎಂದ ಫೋನಿಟ್ಟು. "ಮೇ ತಿಂಗಳಿಗೆ ಟೈಮು ಕೊಟ್ಟಿದಾಳೆ."

"ಮೇ ತಿಂಗಳಾ! ದಿನಾ ಹಾಸಿಗೇಲಿ ಹೊರಳಾಡ್ತೀಯಲ್ಲ, ಅದನ್ನ ಹೇಳೋಕೇನು ಧಾಡಿ?"

"ನನಗಿಂತ ಕಷ್ಟದಲ್ಲಿರೋರು ಇರ್ತಾರೆ, ಸೀವ್. ಒತ್ತಾಯ ಮಾಡಿದ್ರೆ ಪಾಪ, ಅವಳೇನು ಮಾಡ್ತಾಳೆ?"

ಫೋನ್ ಕಿತ್ತುಕೊಂಡು ಅವಳೇ ಮತ್ತೆ ಮಾಡಿದಳು. ರೋಗಿಯೇ ಮಾತಾಡಬೇಕು ಎಂದರು. ಇವಾರ್ ಅಂಗಡಿಯಲ್ಲಿ ಮಾತಾಡುವ ಅದೇ ಮೆತ್ತನೆಯ ದನಿಯಲ್ಲಿ, ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಇಟ್ಟುಬಿಟ್ಟ.

ಮೇ ಬಂದಾಗ ಡಾಕ್ಟರು ಮಾಡುವಂಥದ್ದೇನೂ ಉಳಿದಿರಲಿಲ್ಲ.

*

ಮೂರು ಗಂಟೆಗೆ ಜನ ಹೊರಟರು. "ಅಂಥಾ ತಾಳ್ಮೆಯ ಮನುಷ್ಯ ಸಿಗಲ್ಲ ಬಿಡಿ" ಎಂದು ಒಬ್ಬೊಬ್ಬರೂ ಕೈ ಹಿಡಿದಾಗ ಸೀವ್ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದಳು.

ಬಾಗಿಲ ಬಳಿ ಅಂಗಡಿಯ ಹಳೇ ಗಿರಾಕಿ, ಎಂಬತ್ತೇಳರ ಆಲ್ವಾ ಸ್ಟೂಲಿನ ಮೇಲೆ ಕುಳಿತಿದ್ದಳು. ಬಗ್ಗಿ ಶೂ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಸೀವ್ ಮಂಡಿಯೂರಿ ಅವಳ ಕಾಲನ್ನು ಶೂಗೆ ತುರುಕಿ ಲೇಸು ಬಿಗಿದಳು.

"ಸರಿಯಾಯ್ತಾ?"

"ಪರವಾಗಿಲ್ಲಮ್ಮ," ಎಂದಳು ಆಲ್ವಾ. ಮುಖ ಕಿವುಚಿಕೊಂಡಿತ್ತು.

"ಪರವಾಗಿಲ್ಲ ಅನ್ಬೇಡಿ!" ಸೀವ್ ಕೂಗಿಬಿಟ್ಟಳು. ಮೆಟ್ಟಿಲಿಳಿಯುತ್ತಿದ್ದ ಎಗೊನ್ ತಿರುಗಿ ನೋಡಿದ. "ನೋಯ್ತಿದ್ರೆ ನೋಯ್ತಿದೆ ಅಂತ ಬಾಯ್ಬಿಟ್ಟು ಹೇಳಿ!"

ಮುದುಕಿ ಗೋಡೆ ಹಿಡಿದುಕೊಂಡಳು. "ನೋಯುತ್ತೆ," ಎಂದಳು. "ಹೆಬ್ಬೆರಳ ಹತ್ರ. ತುಂಬಾ."

ಸೀವ್ ಶೂ ಕಳಚಿದಳು. ಮುದುಕಿಯ ಪಾದವನ್ನು ತನ್ನ ಕಪ್ಪು ಲಂಗದ ಮೇಲಿಟ್ಟುಕೊಂಡು, ಹೊರಡಲು ನಿಂತವರನ್ನು ನಿಲ್ಲಿಸಿಕೊಂಡೇ, ಒಂದೊಂದೇ ತೂತಿನಿಂದ ಲೇಸು ಸಡಿಲಿಸುತ್ತ ಕುಳಿತಳು.