ಸತ್ತ ಇಲಿಗಳ ಗೋದಾಮು

ಭವಾನಿ ಪೇಟೆಯ ದಿಗಂಬರಶೇಟನ ಜೋಳದ ಗೋದಾಮಿನಲ್ಲಿ ಇಲಿಗಳು ಜಂತಿಯಿಂದ ಉದುರತೊಡಗಿದ್ದು ಶ್ರಾವಣ ಕಳೆದ ಮೇಲೆ. ಚೀಲ ಹೊತ್ತು ನಡೆಯುವ ಹಮಾಲರ ಕಾಲ ಬಳಿಯೇ ಬಿದ್ದು, ಒದ್ದಾಡಿ ಸಾಯುತ್ತಿದ್ದವು. ಪುಣೆಗೆ ಆಗ ಪ್ಲೇಗು ಹೊಸದಲ್ಲ. ಇಲಿ ಬಿದ್ದರೆ ಮುನ್ಸಿಪಾಲಿಟಿಗೆ ತಿಳಿಸಬೇಕು, ಜಾಗ ಬಿಡಬೇಕು ಎಂಬುದು ಮಕ್ಕಳಿಗೂ ಗೊತ್ತಿತ್ತು.

ಶೇಟ ಮನೆಮಂದಿಗೆಲ್ಲ ಪ್ಲೇಗಿನ ಚುಚ್ಚುಮದ್ದು ಹಾಕಿಸಿ, ಊರ ಹೊರಗಿನ ಬಯಲಲ್ಲಿ ತಟ್ಟಿಯ ಗುಡಿಸಲು ಕಟ್ಟಿಸಿ ಅಲ್ಲಿಗೆ ಸಾಗಿಸಿದ. ಹಮಾಲರಿಗೆ ಹೇಳಿದ್ದು ಬೇರೆ.

"ಇಲಿ ಬಿದ್ದ ಸುದ್ದಿ ಹೊರಗ ಹೋದ್ರ ಗೋದಾಮಿಗೆ ಬೀಗ ಬೀಳ್ತದ. ನನ್ನ ಮಾಲು ಕೆಡ್ತದ, ನಿಮ್ಮ ಒಲಿ ಆರ್ತದ. ಗಟಾರಕ್ಕ ಒಗದು ಸುಮ್ಮನ ಕೆಲಸ ಮಾಡ್ರಿ."

ನವಲಗುಂದದ ಕಡೆಯಿಂದ ಬಂದ ಹೊಳಬಸಪ್ಪ ಒಬ್ಬನೇ ಬಾಯಿ ತೆರೆದ. "ಶೇಟ್ರ, ನಮಗ ಪ್ಲೇಗು ಬಂದ್ರ?"

"ಇಲಿ ಬ್ಯಾನಿ ಮನಷ್ಯಾಗ ಯಾಕ ಬರ್ತದ? ಚೀಲ ಎತ್ತು."

ಹಮಾಲರು ತಲೆ ತಗ್ಗಿಸಿ ಇಲಿಗಳ ಬಾಲ ಹಿಡಿದು ಎಸೆದರು. ಗೋದಾಮು ಗುಡಿಸುತ್ತಿದ್ದ ಹೊಳಬಸಪ್ಪನ ಹೆಂಡತಿ ಪಾರವ್ವನೂ ಮೊರದಲ್ಲಿ ತುಂಬಿ ಎಸೆದಳು.

ಹೊಳಬಸಪ್ಪನಿಗೆ ಜ್ವರ ಬಂತು. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತು. ಊರಲ್ಲಿದ್ದ ಎತ್ತುಗಳ ಹೆಸರು ಹಿಡಿದು ಕೂಗುತ್ತ, ಪಾರವ್ವನ ಗುರುತೂ ಹತ್ತದೆ ಸತ್ತ. ಹೆಣ ಎತ್ತಲು ನೆರೆಯವರು ಬರಲಿಲ್ಲ. ಜೊತೆಯ ಹಮಾಲ ಫಕೀರಪ್ಪ ಕೈಗಾಡಿಯ ಮೇಲೆ ಇಟ್ಟು ಎಳೆದ. ಪಾರವ್ವ ಹಿಂದಿನಿಂದ ನೂಕಿದಳು.

ಸಾವಿನ ಸುದ್ದಿ ಹೇಳಲು ಹೋದ ಪಾರವ್ವನಿಗೆ ಶೇಟ ಗಾದಿಯ ಮೇಲೆ ಕೂತೇ ಹೇಳಿದ. "ಹೊಲಸಿನ್ಯಾಗ ಇರ್ತೀರಿ. ನಿಮ್ಮ ರಕ್ತಾನ ಹೊಲಸು. ನಾಳಿಂದ ಕೆಲಸಕ್ಕ ಬಾ."

ಪಾರವ್ವ ಬಂದಳು. ಹೊಟ್ಟೆಪಾಡಿಗೆ ಬಂದಳೆಂದು ಎಲ್ಲರೂ ತಿಳಿದರು. ಅವಳು ಬಂದಿದ್ದು ಇಲಿಗಾಗಿ. ಮೂಲೆಯಲ್ಲಿ ಬಿದ್ದಿದ್ದ ಒಂದನ್ನು ಇಕ್ಕಳದಿಂದ ಎತ್ತಿ ಡಬ್ಬಿಗೆ ಹಾಕಿಕೊಂಡಳು. ಶೇಟನ ಗುಡಿಸಲಿಗೆ ಹೋಗುವ ಅಕ್ಕಿಯ ಚೀಲದಲ್ಲಿ ಅದನ್ನು ಹೂತುಬಿಡಬೇಕೆಂದು ಮೊದಲು ಅನ್ನಿಸಿತ್ತು. ಚೀಲದ ಬಾಯನ್ನೂ ಬಿಚ್ಚಿದಳು. ಆದರೆ ಆ ಅಕ್ಕಿ ಆರಿಸುವುದು ಶೇಟನಲ್ಲ, ಅಡುಗೆಯ ಗೌರಾಬಾಯಿ. ಚೀಲವನ್ನು ಮತ್ತೆ ಕಟ್ಟಿ, ಡಬ್ಬಿ ಹಿಡಿದು ಪ್ಲೇಗಿನ ದವಾಖಾನೆಗೆ ನಡೆದಳು.

ಅಲ್ಲಿದ್ದ ಡಾಕ್ಟರ್ ಬಿಂದುಮಾಧವರಾಯರು ಧಾರವಾಡದವರು. ಪಾರವ್ವ ಹೇಳಿದ್ದನ್ನೆಲ್ಲ ಕೇಳಿ, ಇಲಿಯನ್ನು ಕೊಯ್ದು, ಗಾಜಿನ ಮೇಲೆ ಅದರ ರಕ್ತ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ಅವಳನ್ನೂ ಕರೆದರು.

"ಒಂದು ಕಣ್ಣು ಮುಚ್ಚಿ ನೋಡವಾ. ಏನು ಕಾಣ್ತದ?"

"ನೀಲಿ ನೀಲಿ ಚುಕ್ಕಿರಿ. ಭಾಳ ಅದಾವ."

"ಅವಕ್ಕ ಜೀವ ಇರ್ತದ. ಒಂದು ಎರಡಾಗ್ತದ, ಎರಡು ನಾಕಾಗ್ತದ. ಇಲಿ ಮೈಮ್ಯಾಲಿನ ಚಿಗಟ ಆ ರಕ್ತ ಹೀರ್ತದ. ಇಲಿ ಸತ್ತು ತಣ್ಣಗಾತಂದ್ರ ಬಿಸಿ ಮೈ ಹುಡುಕ್ಕೊಂಡು ಜಿಗೀತದ. ಮನಷ್ಯಾನ ಕಾಲು ಸಿಕ್ರ ಕಚ್ಚಿ, ಈ ಹುಳಾ ಒಳಗ ಬಿಡ್ತದ."

"ಹಂಗಾರ ನನ್ನ ಗಂಡನ ರಕ್ತ ಹೊಲಸಿರಲಿಲ್ಲೇನ್ರಿ?"

"ಇರಲಿಲ್ಲವಾ. ಚಿಗಟಕ್ಕ ಶೇಟ ಯಾರು, ಹಮಾಲ ಯಾರು?"

ಪಾರವ್ವ ಅಲ್ಲಿಂದ ನೇರ ಹಮಾಲರ ಓಣಿಗೆ ಬಂದು ಕಂಡದ್ದನ್ನೆಲ್ಲ ಹೇಳಿದಳು. ಫಕೀರಪ್ಪ ಬಹಳ ಹೊತ್ತು ತನ್ನ ಪಾದಗಳನ್ನೇ ನೋಡುತ್ತ ಕೂತ.

ಮರುದಿನ ಮುಂಜಾನೆ ಡಾಕ್ಟರರ ಹುಕುಂ ಬಂತು. ಸಂಜೆ ಮುನ್ಸಿಪಾಲಿಟಿಯವರು ಬಂದು ಗೋದಾಮಿಗೆ ಬೀಗ ಹಾಕುತ್ತಾರೆ, ಒಳಗಿನ ಮಾಲು ಸುಡುತ್ತಾರೆ. ಅಷ್ಟರೊಳಗೆ ಒಳ್ಳೆಯ ಮಾಲನ್ನು ಕದ್ದು ಸಾಗಿಸಲು ಶೇಟ ಓಡಿ ಬಂದ. ಹಮಾಲರು ರಸ್ತೆಯ ಆಚೆ ಸಾಲಾಗಿ ಕೂತಿದ್ದರು.

"ಏಳ್ರಿ. ಕೇಳಿದಷ್ಟು ಕೂಲಿ ಕೊಡ್ತೀನಿ."

ಫಕೀರಪ್ಪ ಅಂಗೈಯಲ್ಲಿ ತಂಬಾಕು ತಿಕ್ಕುತ್ತ ಹೇಳಿದ. "ನಿಮ್ಮ ಮಾಲು. ನೀವ ಹೊರ್ರಿ."

ಶೇಟ ಬೈದ, ಕೈ ಮುಗಿದ, ಮತ್ತೆ ಬೈದ. ಕೊನೆಗೆ ಕಟ್ಟೆಯ ಮೇಲೆ ಕೂತು ಮೊಣಕಾಲವರೆಗೆ ಸೀಮೆಎಣ್ಣೆ ತಿಕ್ಕಿಕೊಂಡ. ಉದ್ದನೆಯ ಕಾಲುಚೀಲ ಏರಿಸಿ, ಚಿಗಟ ನುಸುಳದಂತೆ ದಾರದಿಂದ ಬಿಗಿದ. ಹಮಾಲರು ಕಣ್ಣು ಮಿಟುಕಿಸದೆ ನೋಡಿದರು. ಎಲ್ಲವೂ ಮೊದಲೇ ಗೊತ್ತಿತ್ತು ಇವನಿಗೆ. ಗೊತ್ತಿದ್ದೂ ತಮ್ಮನ್ನು ಬರಿಗಾಲಲ್ಲಿ ಒಳಗೆ ಕಳಿಸಿದ್ದ.

ಅವನು ಒಳಹೊಕ್ಕ. ಪಾರವ್ವ ಎದ್ದು ರಸ್ತೆ ದಾಟಿದಳು. ಎರಡೂ ಕದ ಎಳೆದು ಹೊರಗಿನ ಚಿಲಕ ಹಾಕಿ, ಕದಕ್ಕೆ ಬೆನ್ನು ಕೊಟ್ಟು ಕೂತಳು.

ಒಳಗೆ ಚೀಲವೊಂದು ದೊಪ್ಪೆಂದು ಬಿತ್ತು. "ಯಾರದು? ಬಾಗಲಾ ತೆಗೀರಿ. ಇಲ್ಲೆ ಕಾಲಾಗೆಲ್ಲ ಇಲಿ ಬಿದ್ದಾವ."

"ಸಂಜಿಗೆ ಮುನ್ಸಿಪಾಲಿಟಿಯವರು ಬರ್ತಾರ್ರಿ. ಅವರು ತೆಗೀತಾರ."

"ಪಾರವ್ವ, ನಿನ್ನ ಕಾಲು ಬೀಳ್ತೀನಿ. ನನಗ ಸಣ್ಣ ಮಕ್ಕಳದಾವ."

ರಸ್ತೆಯ ಆಚೆಯಿಂದ ಫಕೀರಪ್ಪ ಎದ್ದು ಬರುವುದು ಪಾರವ್ವನಿಗೆ ಕಂಡಿತು. ಚಿಲಕ ತೆಗೆಯಲು ಬಂದನೆಂದು ಅವಳು ಬೆನ್ನನ್ನು ಕದಕ್ಕೆ ಇನ್ನೂ ಗಟ್ಟಿಯಾಗಿ ಒತ್ತಿದಳು. ಅವನು ಬಾಯಿಯ ತಂಬಾಕು ಉಗುಳಿ, ಅವಳ ಪಕ್ಕದಲ್ಲಿ ಕೂತು ತನ್ನ ಬೆನ್ನನ್ನೂ ಕದಕ್ಕೆ ಕೊಟ್ಟ. ಆಮೇಲೆ ಉಳಿದ ಹಮಾಲರೂ ಒಬ್ಬೊಬ್ಬರಾಗಿ ರಸ್ತೆ ದಾಟಿ ಬಂದರು.