ಟ್ರಂಕಿಗೆ ಒಂದು ಗೋಡೆ

ಹಗರಿಬೊಮ್ಮನಹಳ್ಳಿಯ ಶೇಂಗಾ ವ್ಯಾಪಾರಿ ಪಂಚಾಕ್ಷರಪ್ಪನವರು ತಮ್ಮ ಹಳೆಯ ಗೋದಾಮಿಗೆ ಅಡ್ಡಗೋಡೆ ಹಾಕಿಸಿ ಐದು ಖೋಲಿ ಮಾಡಲು ಹೊರಟರು. ಕೊನೆಯ ಖೋಲಿಗೆ ಬರುವಷ್ಟರಲ್ಲಿ ಗೋದಾಮೇ ಮುಗಿದುಹೋಗಿತ್ತು. ಉಳಿದದ್ದು ಹತ್ತಡಿ ಉದ್ದ, ಏಳಡಿ ಅಗಲ. ಎತ್ತರ ಮಾತ್ರ ಗೋದಾಮಿನದೇ. ನೋಡಲು ಬಂದವರೆಲ್ಲ ನೆಲ ನೋಡಿ ಬಂದ ದಾರಿ ಹಿಡಿದರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಸುಂಕಪ್ಪ ಒಬ್ಬನೇ ತಲೆಯೆತ್ತಿ ಮೇಲೆ ನೋಡಿದ. ಜನ ಉದ್ದ ಅಗಲಕ್ಕೆ ಬಾಡಿಗೆ ಕೊಡುತ್ತಾರೆ, ಎತ್ತರ ಪುಕ್ಕಟೆ ಸಿಗುತ್ತಿದೆ ಎಂದು ಲೆಕ್ಕ ಹಾಕಿ, ಅಂದೇ ಬೀಗದ ಕೈ ಇಸಿದುಕೊಂಡ. ಅದು ೧೯೭೬ರ ಮಾತು.

ನೀಲಗುಂದದ ಅವನ ಮನೆಯಲ್ಲಿ ಅಣ್ಣತಮ್ಮಂದಿರು, ಅತ್ತಿಗೆಯರು, ಮಕ್ಕಳು ಎಲ್ಲ ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದರು. ಅಲ್ಲಿ ಅವನು ಇಟ್ಟ ಪೆನ್ನು ಇಟ್ಟಲ್ಲಿ ಸಿಕ್ಕದ್ದಿಲ್ಲ. ದಾವಣಗೆರೆಯಲ್ಲಿ ಬಿ.ಎಸ್ಸಿ. ಓದುವಾಗ, ಪ್ರಯೋಗಶಾಲೆಯ ಪ್ರತಿ ಬಾಟಲಿಗೂ ಅದರದೇ ಜಾಗ ಇರುವುದನ್ನು ಕಂಡು, ಮನುಷ್ಯ ಇರಬೇಕಾದದ್ದು ಹೀಗೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಮೂರು ವರ್ಷದಲ್ಲಿ ಆ ಖೋಲಿಯನ್ನು ಅವನು ಹಾಗೆಯೇ ಮಾಡಿಕೊಂಡ. ಹಲಗೆಯ ಮಂಚ ಬೆಳಗಾದರೆ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಅಕ್ಕಿ ಬೇಳೆಯ ಡಬ್ಬಿಗಳು ರಾಟೆಯ ಹಗ್ಗ ಹಿಡಿದು ಮೇಲಿಂದ ಇಳಿದು, ಕೆಲಸ ಮುಗಿಸಿ ಮೇಲೇರುತ್ತಿದ್ದವು. ಎತ್ತರಕ್ಕೆ ಕೂರಿಸಿದ ನೀರಿನ ಡಬ್ಬಿಯಿಂದ ಒಂದು ರಬ್ಬರ್ ಕೊಳವೆ ಸ್ಟೋವಿನ ಹತ್ತಿರಕ್ಕೇ ಬರುತ್ತಿತ್ತು. ನೆಲ ಬಿಟ್ಟು ಏಳಲಾರದ ಕೊಡ, ಸ್ಟೋವು, ಚಪ್ಪಲಿಗಳಿಗೆ ಸೀಮೆಸುಣ್ಣದ ಗೆರೆ ಎಳೆದು ಜಾಗ ಗೊತ್ತುಮಾಡಿದ್ದ. ಮಂಚದ ಮೇಲೆ ಕೂತು ಕೈ ಚಾಚಿದರೆ ಸಿಗದ ವಸ್ತು ಅಲ್ಲಿರಲಿಲ್ಲ.

"ಎಲ್ಲಾ ಕೈಗೆ ಸಿಗತೈತಿ, ಹೆಂಡ್ತಿ ಒಬ್ಬಾಕಿ ಸಿಗವಲ್ಲಳು ನೋಡಲೇ," ಎಂದು ಅದೇ ಶಾಲೆಯ ಡ್ರಿಲ್ ಮೇಷ್ಟ್ರು ಮೈಲಪ್ಪ ಅಣಕಿಸುತ್ತಿದ್ದ. ಅಣಕಿಸಿ ಸುಮ್ಮನಿರದೆ ಕೊಟ್ಟೂರಿನಲ್ಲಿ ಒಂದು ಹೆಣ್ಣನ್ನೂ ತೋರಿಸಿದ. ಲೈನ್‌ಮನ್ ಗಾಳೆಪ್ಪನ ಮಗಳು ಭರಮಮ್ಮ. ಚಹಾದ ಲೋಟ ಕೊಟ್ಟವಳು ಒಳಗೆ ಓಡಿಹೋಗದೆ, ಅವನು ಒಂದು ಗುಟುಕು ಕುಡಿಯುವವರೆಗೂ ನಿಂತು, "ಸಕ್ರಿ ಕಮ್ಮಿ ಆಗೇತೇನ್ರಿ?" ಎಂದು ಕೇಳಿದ್ದಳು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಸುಂಕಪ್ಪನ ಕಿವಿಯಲ್ಲಿ ಅದೇ ಮಾತು. ಆದರೆ ಅವಳೇ ಆಗಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ್ದು ನಾಲ್ಕು ದಿನ ಬಿಟ್ಟು, ಎಲ್ಲ ವಿಚಾರ ಮಾಡಿದ ಮೇಲೆ.

ಹುಡುಗ ಒಪ್ಪಿದರೆ ಹುಡುಗಿಯ ಕಡೆಯವರು ಬಂದು ಮನೆ ನೋಡುವುದು ಪದ್ಧತಿ.

"ಒಂದಿನದ ಮಟ್ಟಿಗೆ ಅರ್ಧ ಸಾಮಾನು ನಮ್ಮನಿಗೆ ಹಾಕು," ಎಂದ ಮೈಲಪ್ಪ. "ಖೋಲಿ ದೊಡ್ಡದು ಕಾಣತೈತಿ."

"ಅದು ಮೋಸ ಆಗತೈತಿ ಮೈಲಪ್ಪಣ್ಣ. ಇದ್ದದ್ದು ಇದ್ದಂಗ ನೋಡ್ಲಿ. ಒಮ್ಮಿ ನೋಡಿದ್ರ ಬಿಡಾಂಗಿಲ್ಲ ಅವರು."

ಶಿವರಾತ್ರಿಯ ಮುಂಚಿನ ಭಾನುವಾರ ಗಾಳೆಪ್ಪ, ಅವನ ಅಕ್ಕ ಜಂಬಕ್ಕ ಇಬ್ಬರೂ ಮೈಲಪ್ಪನ ಜೊತೆ ಬಂದರು. ಕಂಬ ಹತ್ತಿ ಇಳಿಯುವುದರಲ್ಲೇ ಅರ್ಧ ಆಯುಷ್ಯ ಕಳೆದ ಗಾಳೆಪ್ಪನಿಗೆ ರಾಟೆ ಬಹಳ ಹಿಡಿಸಿತು. ತೊಗರಿಬೇಳೆಯನ್ನು ಮೇಲೆ ಕೆಳಗೆ ಆಡಿಸುತ್ತ ನಿಂತ. ಜಂಬಕ್ಕ ಮಂಚದ ಮೇಲೆ ಕೂತು ನಾಲ್ಕೂ ಗೋಡೆಯ ಮೇಲೆ ಕಣ್ಣಾಡಿಸಿದಳು.

"ಮೇಷ್ಟ್ರ, ಚಾ ಎಲ್ಲಿ ಕಾಸ್ತೀರಿ?"

"ನೀವು ಕೂತಲ್ಲೇ ರಿ, ಅಕ್ಕಾರ. ಏಳೋ ಕೆಲಸ ಇಲ್ಲ."

"ನೀರು?"

"ಕೂತಲ್ಲೇ ಬರ್ತಾವು."

"ಅರಿವಿ ಒಣಗಹಾಕಾಕ?"

"ಈ ಹಗ್ಗ ಎಳದ್ರ ಮ್ಯಾಲ ಹೋಗ್ತಾವ್ರಿ."

"ಮತ್ತ ನಮ್ಮ ಹುಡುಗಿ ಬಂದು ಏನ್ ಮಾಡಬೇಕು?"

ಈ ಪ್ರಶ್ನೆ ಬಂದೇ ಬರುತ್ತದೆ ಎಂದು ಸುಂಕಪ್ಪ ತಯಾರಾಗಿದ್ದ. "ಏನೂ ಮಾಡೋದು ಬ್ಯಾಡ್ರಿ. ಆರಾಮ ಇರಬಹುದು."

"ಎಲ್ಲಿ?"

ಬಾಗಿಲ ಸಂದಿಯಲ್ಲಿ ಗೋಡೆಗೆ ಅಂಟಿಕೊಂಡಿದ್ದ ಹಲಗೆಯೊಂದನ್ನು ಅವನು ಬಿಡಿಸಿ ಕೂರುವ ಹಾಗೆ ಮಾಡಿ ತೋರಿಸಿದ. ಹೋದ ವಾರವಷ್ಟೇ ಹೊಡೆದದ್ದು. ಅಂಚಿಗೆ ಬಣ್ಣವೂ ಬಿದ್ದಿತ್ತು. "ಇಲ್ಲೇ ರಿ. ಬ್ಯಾಡಾದಾಗ ಮಡಚಿ ಇಡಬಹುದು."

"ಹಲಗೀನೋ, ಹುಡುಗೀನೋ?"

ಬಾಗಿಲಲ್ಲಿ ನಿಂತು ಕುಡಿಯುತ್ತಿದ್ದ ಮೈಲಪ್ಪನಿಗೆ ನೀರು ನೆತ್ತಿಗೇರಿತು.

ಜಂಬಕ್ಕನಿಗೆ ಮೊಣಕಾಲು ನೋವು. ಕಾಲು ಚಾಚಲು ನೀರಿನ ಕೊಡವನ್ನು ತುಸು ಆಚೆ ಸರಿಸಿದಳು. ಗಾಳೆಪ್ಪನಿಗೆ ಕೊಳವೆಯಲ್ಲಿ ನೀರು ತಾನಾಗಿ ಇಳಿಯುವ ಬಗೆ ವಿವರಿಸುತ್ತಿದ್ದ ಸುಂಕಪ್ಪ ಮಾತು ನಿಲ್ಲಿಸದೆ ಕೊಡವನ್ನು ಅದರ ಗೆರೆಯೊಳಕ್ಕೆ ತಂದ. ಅವಳು ಮತ್ತೆ ಸರಿಸಿದಳು. ಅವನು ಮತ್ತೆ ತಂದ, ಅಳಿಸಿಹೋದ ಗೆರೆಯನ್ನು ಜೇಬಿನ ಸೀಮೆಸುಣ್ಣದಿಂದ ತಿದ್ದಿದ. ಆಗ ಅವಳು ನೋಡಿದ್ದು ಕೊಡವನ್ನಲ್ಲ, ಅವನ ಮುಖವನ್ನು. ಆಮೇಲೆ ಕಾಲು ಮಡಚಿಕೊಂಡು ಕೂತಳು. ಸುಂಕಪ್ಪ ಅದನ್ನು ಮೆಚ್ಚುಗೆ ಅಂದುಕೊಂಡ.

ಎರಡು ದಿನಕ್ಕೆ ಮೈಲಪ್ಪ ಸುದ್ದಿ ತಂದ. "ಹುಡುಗಿಗೆ ನೀ ಮನಸಿಗೆ ಬಂದೀಯಂತ. ಖೋಲಿ ಸಣ್ಣದಾದ್ರೂ ಅಡ್ಡಿ ಇಲ್ಲಂತ. ಜಂಬಕ್ಕಂದು ಒಂದ ಮಾತು. ಒಂದು ಗ್ವಾಡಿ ಪೂರಾ ಖಾಲಿ ಮಾಡಬೇಕು, ಹುಡುಗಿ ಟ್ರಂಕ್ ಇಡಾಕ."

"ಯಾವ ಗ್ವಾಡಿ?"

"ಯಾವುದರ ಆಗ್ಲಿ."

"ಟ್ರಂಕಿನ ಅಳತಿ?"

"ಅಳತಿ ಕೇಳಬ್ಯಾಡಲೇ. ಇವತ್ತ ಖಾಲಿ ಮಾಡು, ನಾ ನಾಳೆ ಕೊಟ್ಟೂರಿಗೆ ಹೋಗಿ ಹೂಂ ಅಂದು ಬರ್ತೀನಿ."

ಇವತ್ತೇ ಮಾಡುವ ಕೆಲಸವಲ್ಲ ಅದು, ಡ್ರಿಲ್ ಮೇಷ್ಟ್ರಿಗೆ ಅದು ಅರ್ಥವಾಗುವುದಿಲ್ಲ ಎಂದು ಸುಂಕಪ್ಪನಿಗೆ ಗೊತ್ತಿತ್ತು. ಮೂಡಣ ಗೋಡೆಯ ರಾಟೆ ತೆಗೆದರೆ ಬಡಗಣ ಗೋಡೆಯ ಡಬ್ಬಿಗಳು ಅನಾಥವಾಗುತ್ತವೆ. ಅವನ್ನು ಸರಿಸಿದರೆ ಮಂಚ ಮಡಚುವುದಿಲ್ಲ. ಒಂದು ಸಂಜೆ ಧೈರ್ಯ ಮಾಡಿ ಸಕ್ಕರೆ ಡಬ್ಬಿ ಇಳಿಸಿದ. ಅದನ್ನು ಕೈಯಲ್ಲಿ ಹಿಡಿದು ನಿಂತರೆ, ಎಲ್ಲಿ ಇಡಹೋದರೂ ಅದು ಬೇರೊಂದರ ಜಾಗ. ಭರಮಮ್ಮನ ದನಿ ನೆನಪಾಯಿತು. ಡಬ್ಬಿ ಮತ್ತೆ ಮೇಲೇರಿತು. ಅವಳು ಬರುವ ಮನೆ ಅರೆಬರೆ ಆಗಬಾರದು, ಮಾಡಿದರೆ ಸರಿಯಾಗಿ ಮಾಡಬೇಕು ಎಂದುಕೊಂಡು ನಕ್ಷೆ ಬರೆದ, ಒರೆಸಿದ, ಮತ್ತೆ ಬರೆದ. ಹೂಂ ಅನ್ನಲೇ ಎಂದು ಮೈಲಪ್ಪ ಕೇಳಿದಾಗಲೆಲ್ಲ, "ತಡಿ, ಸುಳ್ಳು ಹೇಳೋದು ಬ್ಯಾಡ, ಖಾಲಿ ಆದ ಮ್ಯಾಲ ಹೇಳೋಣ," ಎಂದ. ಯುಗಾದಿ ಕಳೆಯಿತು. ಪರೀಕ್ಷೆಗಳು ಮುಗಿದವು. ಮೈಲಪ್ಪ ಕೇಳುವುದನ್ನು ಬಿಟ್ಟ.

ಬೇಸಿಗೆ ರಜೆಯಲ್ಲಿ ಕೆಲಸ ಮುಗಿಯಿತು. ಮೂಡಣ ಗೋಡೆ ಪೂರಾ ಖಾಲಿ, ಸುಣ್ಣ ಬಳಿದು ಬೆಳ್ಳಗಾಗಿತ್ತು. ಸುಂಕಪ್ಪ ಮೈಲಪ್ಪನ ಮನೆಗೆ ಬಿಸಿಲಲ್ಲೇ ನಡೆದುಹೋದ.

"ಮೈಲಪ್ಪಣ್ಣ, ಗ್ವಾಡಿ ಖಾಲಿ ಆತು. ಎಂಥಾ ಟ್ರಂಕ್ ಆದ್ರೂ ಹಿಡೀತೈತಿ. ಅವರನ್ನ ಬರಾಕ ಹೇಳು."

ಕಟ್ಟೆಯ ಮೇಲೆ ಕೂತಿದ್ದ ಮೈಲಪ್ಪ ಬೀಡಿ ಹಚ್ಚಿದ. "ಹೋದ ಸೋಮವಾರ ಆ ಹುಡುಗಿಗೆ ಅಕ್ಕಿಕಾಳು ಬಿದ್ವು, ಮದುವಿ ಆತು. ಹಡಗಲಿ ಹುಡುಗ, ಸೊಸೈಟಿಯಾಗ ಗುಮಾಸ್ತ. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ."

ಸುಂಕಪ್ಪ ಕಟ್ಟೆಯ ತುದಿಗೆ ಕೂತ. ಆಮೇಲೆ ಕೇಳಿದ, "ಅವರ ಮನಿ ದೊಡ್ಡದೇನು?"

"ಎಲ್ಲೀ ದೊಡ್ಡದು. ಒಂದು ಖೋಲಿ, ಒಂದು ಒಲಿ ಮೂಲಿ. ಅದರಾಗ ಅತ್ತಿ, ಮಾವ, ಇಬ್ರು ಮೈದುನರು."

"ಮತ್ತ ಟ್ರಂಕ್ ಎಲ್ಲಿಟ್ರು?"

"ಟ್ರಂಕ್ ಎಲ್ಲೈತಲೇ? ಹುಡುಗಿ ಅರಿವಿ ಎಲ್ಲಾ ಒಂದು ಕೈಚೀಲದಾಗ ಹಿಡಿದ್ವು. ಜಂಬಕ್ಕ ನಿನ್ನ ಸುಮ್ನ ಕೇಳಿ ನೋಡ್ಯಾಳ."

ಸುಂಕಪ್ಪ ತಲೆಯೆತ್ತಿದ. ತಪ್ಪು ಲೆಕ್ಕ ಕೊಟ್ಟು ಉತ್ತರ ಕೇಳಿದವರನ್ನು ನೋಡುವ ಹಾಗೆ ಅವನನ್ನೇ ನೋಡಿದ. ಕಣ್ಣು ತುಂಬಿದ್ದವು.

"ಇದನ್ನ ಮೊದಲ ಹೇಳಬಾರದಾಗಿತ್ತೇನು ಮೈಲಪ್ಪಣ್ಣ? ಕೈಚೀಲಕ್ಕಾದ್ರ ಒಂದು ಮೊಳಿ ಸಾಕಾಗಿತ್ತು."